ಹಪ್ಪಳ ಮಗುಚುವ ಕೆಲಸ

ಕಳೆದ ವಾರ, ಸಾಗರದಿಂದ ತಂದಿದ್ದ ಹಲಸಿನ ಹಪ್ಪಳವನ್ನು ಗ್ಯಾಸ್ ಉರಿಯ ಮೇಲೆ ಸುಡುತ್ತಿದ್ದೆ. ಅಂಚು ಕಪ್ಪಾಗುತ್ತಲೇ ಎದ್ದ ಆ ವಾಸನೆಗೆ ನಾನು ಬೆಳೆದ ಕಾರ್ಗಲ್ಲಿನ ಕ್ವಾರ್ಟರ್ಸ್ ಕಣ್ಣ ಮುಂದೆ ಬಂತು. ಜೊತೆಗೆ ಪಕ್ಕದ ಮನೆಯ ಅತ್ತೆ...

ಅತ್ತೆ ಎಂದರೆ ಸಂಬಂಧದಲ್ಲಿ ಏನೂ ಅಲ್ಲ. ಅವರ ಯಜಮಾನರೂ ನನ್ನ ಅಪ್ಪನೂ ಪವರ್ ಹೌಸಿನಲ್ಲಿ ಒಂದೇ ಪಾಳಿ. ಮಳೆ ಹಿಡಿಯುವ ಮೊದಲು ಟೆರೇಸಿನ ತುಂಬ ಅತ್ತೆಯ ಹಪ್ಪಳ, ಮಗುಚಲು ನಾನು. ಬಿಸಿಲಿಗೆ ಹಪ್ಪಳ ಒಂದು ಕಡೆಗೆ ಮುರುಟುತ್ತದೆ. ಹೊತ್ತು ನೋಡಿ ಮಗುಚಿದರೆ ಆ ಮುರುಟು ತಾನಾಗಿ ಬಿಡುತ್ತದೆ. ನಾನೋ, ಸುಲಭಕ್ಕೆ ಸಿಗುತ್ತದೆಂದು ಮೇಲೆದ್ದ ಅಂಚನ್ನೇ ಪ್ರತಿ ಸಲ ಹಿಡಿದೆತ್ತುತ್ತಿದ್ದೆ. ಸಂಜೆಗೆ ಎಲ್ಲವೂ ಕಿವಿ ಹಿಂಡಿಸಿಕೊಂಡಂತೆ ಸೊಟ್ಟ!

"ಗಡಿಬಿಡಿ ಕೂಸೆ, ಒಂದೇ ಬದಿಂದ ಮಗಚಡ. ಒಂದ್ಸಲ ಈ ಬದಿ, ಒಂದ್ಸಲ ಆ ಬದಿ," ಎಂದು ಅತ್ತೆ ನಗುತ್ತಿದ್ದರು.

ಈಗ ನನ್ನ ಕೆಲಸ ಕ್ವಾಂಟಮ್ ಕಂಪ್ಯೂಟರಿನದು. ಸಿಲಿಕಾನ್ ತುಣುಕಿನೊಳಗೆ ಪರಮಾಣುವಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತ. ಅದು ತಿರುಗಿರುವ ದಿಕ್ಕೇ ನಮ್ಮ ಲೆಕ್ಕ. ಆದರೆ ನೆರೆಹೊರೆಯ ಪರಮಾಣುಗಳ ಕಿತಾಪತಿಗೆ ಆ ದಿಕ್ಕು ಜಾರಿ, ಲೆಕ್ಕ ಮುಗಿಯುವ ಮೊದಲೇ ಅಳಿಸಿಹೋಗುತ್ತದೆ. ರೇಡಿಯೋ ತರಂಗದ ಪೆಟ್ಟು ಕೊಟ್ಟು ಮಗುಚುತ್ತಾ ಹೋದರೆ ಜಾರಿದ್ದು ಹಿಂದಕ್ಕೆ ಬರಬೇಕು. ನಮ್ಮಲ್ಲಿ ಬರುತ್ತಿರಲಿಲ್ಲ. ಈ ತಿಂಗಳೂ ಆಗದಿದ್ದರೆ ಪ್ರಯೋಗ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ವರ್ಷಗಟ್ಟಲೆ ಮಾಡಿದ್ದು ನೀರಿನಲ್ಲಿ ಹೋಮವಾಗುತ್ತದಲ್ಲ ಎಂದು ನನಗೆ ಊಟವೂ ಸೇರುತ್ತಿರಲಿಲ್ಲ.

ಸುಟ್ಟ ಹಪ್ಪಳ ಹಿಡಿದು ಒಬ್ಬಳೇ ನಕ್ಕೆ. ಎಲ್ಲ ಪೆಟ್ಟನ್ನೂ ನಾವು ಒಂದೇ ಬದಿಯಿಂದ ಕೊಡುತ್ತಿದ್ದೆವು. ಪ್ರತಿ ಪೆಟ್ಟಿನ ಸಣ್ಣ ಓರೆಯೂ ಒಂದರ ಮೇಲೊಂದು ಸೇರಿಕೊಳ್ಳುತ್ತಿತ್ತು. ಬದಿ ಬದಲಿಸುವ ಉಪಾಯ ಹೊಸದೇನಲ್ಲ, ಪುಸ್ತಕದಲ್ಲೇ ಇದೆ. ಗಡಿಬಿಡಿಯಲ್ಲಿ ಬಿಟ್ಟಿದ್ದೆವು ಅಷ್ಟೆ.

ಮರುದಿನ ಒಮ್ಮೆ ಈ ಬದಿ, ಒಮ್ಮೆ ಆ ಬದಿಯಿಂದ ಕೊಟ್ಟು ನೋಡಿದೆವು. ದಿಕ್ಕು ಜಾರಿದರೆ ಕೆಳಗಿಳಿಯುವ ಪರದೆಯ ಮೇಲಿನ ಗೆರೆ ಈ ಸಲ ಬೀಳಲಿಲ್ಲ... ಲೆಕ್ಕ ಮುಗಿಯುವವರೆಗೂ ಬೀಳಲಿಲ್ಲ. ಅಬ್ಬಾ ಎಂದು ಕುರ್ಚಿಗೊರಗಿದೆ. ಆ ರಾತ್ರಿ ಚೆನ್ನಾಗಿ ಉಂಡೆ.

ಕೊನೆಯ ಸಲ ಅತ್ತೆ ಸಿಕ್ಕಿದ್ದು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ. "ಈಗ ಎಂತ ಕೆಲ್ಸ ಮಾಡ್ತೆ ಕೂಸೆ?" ಎಂದು ಕೇಳಿದ್ದರು. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವರ ಬಸ್ಸು ಬಂತು. "ಇನ್ನೊಂದ್ಸಲ ಸಿಕ್ದಾಗ ಹೇಳ್ತೀನಿ ಅತ್ತೆ," ಎಂದೆ. ಆ ಇನ್ನೊಂದು ಸಲ ಬರಲೇ ಇಲ್ಲ. ಈಗ ಉತ್ತರ ಸಿಕ್ಕಿದೆ, ಕೇಳಲು ಅವರಿಲ್ಲ.

ಅದೇ ಅತ್ತೆ, ಹಪ್ಪಳ ಮಗುಚೋ ಕೆಲ್ಸ. ಈಗ ಎರಡೂ ಬದಿಯಿಂದ.