ಸಹಿಯಿಲ್ಲದ ಸಂದರ್ಶನ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ. ಊಟ ಮುಗಿಸಿ, ದುಬೈನ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಗಂಡನ ಎದುರು ರೆಕಾರ್ಡ್ ಮಾಡಲು ಫೋನ್ ಇಟ್ಟು ಕೂತಿದ್ದೆ. ಪಿಯುಸಿಗೆ ಓದು ನಿಲ್ಲಿಸಿದ್ದ ನನ್ನನ್ನು ನಲವತ್ತೆರಡನೇ ವಯಸ್ಸಿನಲ್ಲಿ ಸಮುದಾಯ ಕಾಲೇಜಿನ ಸಮಾಜ ವಿಜ್ಞಾನ ಕೋರ್ಸಿಗೆ ಸೇರಿಸಿದವರು ಅವರೇ. ಕೆಲಸಕ್ಕೆಂದು ಇಲ್ಲಿಗೆ ಬಂದ ಒಬ್ಬರನ್ನು ಸಂದರ್ಶಿಸಿ ಬರೆಯುವುದು ಕೊನೆಯ ಅಸೈನ್‌ಮೆಂಟ್.

"ದುಬೈಗೆ ಬಂದ ಮೊದಲ ದಿನ ಹೇಗಿತ್ತು?" ಎಂದು ತುಳುವಿನಲ್ಲಿ ಕೇಳಿದೆ.

"ಅತ್ತಿದ್ದೆ. ಅದನ್ನೆಲ್ಲ ಬರೀಬೇಡ ಮಾರಾಯ್ತಿ. ನೀರುಳ್ಳಿ ಕೊಯ್ತಿದ್ದೆ ಅಂತ ಬರಿ."

"ಸುಳ್ಳು ಬರೆದ್ರೆ ಮಾರ್ಕ್ ಕಟ್."

"ಹಾಗಾದ್ರೆ ಎರಡು ನೀರುಳ್ಳಿ ಅಂತ ಬರಿ!"

ಸಂಜೆಯೊಳಗೆ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದೆ. ಸಂದರ್ಶನಕ್ಕೆ ಕಾಲೇಜು ಕೇಳಿದ್ದ ಒಪ್ಪಿಗೆ ಪತ್ರವನ್ನು ಮರುದಿನ ಆಫೀಸಿನಲ್ಲಿ ಪ್ರಿಂಟ್ ತೆಗೆದು ಸಹಿ ಹಾಕಿ ತರುತ್ತೇನೆ ಎಂದರು.

ಮರುದಿನ ಆಫೀಸಿನಲ್ಲೇ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಸಹೋದ್ಯೋಗಿ ತಂದುಕೊಟ್ಟ ಬ್ಯಾಗಿನಲ್ಲಿ ಒಪ್ಪಿಗೆ ಪತ್ರದ ಎರಡು ಪ್ರತಿಗಳಿದ್ದವು. ಸಹಿ ಇರಲಿಲ್ಲ.

ಊರಿಗೆ ಹೋಗಿ ಕಾರ್ಯಗಳನ್ನೆಲ್ಲ ಮುಗಿಸಿ ಬಂದೆ. ನನ್ನ ವೀಸಾ ಇದ್ದದ್ದು ಅವರ ಕೆಲಸದ ಮೇಲೆ. ಅದು ಮುಗಿಯುವ ಮೊದಲು ಕೋರ್ಸ್ ಮುಗಿಸಬೇಕಿತ್ತು. ಅವರ ಮಾತುಗಳು ಕಾಲೇಜಿಗೆ ತಲುಪಬೇಕೆಂಬ ಹಟವೂ ಇತ್ತು. ಆದರೆ ಸಹಿ ಇಲ್ಲದೆ ಕಾಲೇಜಿನ ಪೋರ್ಟಲ್ ಆ ಸಂದರ್ಶನವನ್ನು ತೆಗೆದುಕೊಳ್ಳಲಿಲ್ಲ. ಕೌಂಟರಿಗೆ ಹೋದೆ.

"ಮೇಡಂ, ಅವರ ಸಹಿ ಹಾಕಿಸಿ ತನ್ನಿ," ಎಂದಳು ಕೌಂಟರಿನ ಹುಡುಗಿ, ಹಿಂದಿಯಲ್ಲಿ.

"ಅವರು ತೀರಿಕೊಂಡಿದ್ದಾರೆ."

"ಅಯ್ಯೋ, ಸಾರಿ ಮೇಡಂ." ಕಂಪ್ಯೂಟರ್ ನೋಡಿದಳು. "ಇಲ್ಲಿ ಆ ಆಯ್ಕೆ ಇಲ್ಲ. 'ಸಂದರ್ಶನ ಕೊಟ್ಟವರು ಹಿಂದೆ ಸರಿದಿದ್ದಾರೆ' ಅಂತ ಹಾಕಲಾ?"

"ಅವರು ಹಿಂದೆ ಸರಿದಿಲ್ಲ!"

ಆ ಕಟ್ಟಡದಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮರಣ ಪತ್ರ ತೋರಿಸಿದೆ. ಅದು ಬೇರೆ ವಿಭಾಗಕ್ಕೆ ಎಂದಳು. ಆ ವಿಭಾಗದವರು ಇಮೇಲ್ ಮಾಡಿ ಎಂದರು. ಇಮೇಲಿಗೆ ಬಂದ ಉತ್ತರ: "ದಯವಿಟ್ಟು ಸಂದರ್ಶನ ಕೊಟ್ಟವರನ್ನೇ ಸಂಪರ್ಕಿಸಿ."

ಮೂರನೇ ವಾರ ನಮ್ಮ ಅಧ್ಯಾಪಕಿಯನ್ನು ಹಿಡಿದೆ. ಅವರು ತಾಳ್ಮೆಯಿಂದ ಕೇಳಿ, "ರೆಕಾರ್ಡಿಂಗ್ ಕೊಡಿ. ಅದರಲ್ಲಿ ಅವರು ಒಪ್ಪಿದ ಮಾತು ಇದ್ದರೆ ಸಾಕು," ಎಂದರು.

ಬರೆದು ಮುಗಿದ ಕೂಡಲೇ ರೆಕಾರ್ಡಿಂಗ್ ಅಳಿಸಬೇಕು, ಅದು ಸಂಶೋಧನೆಯ ಶಿಸ್ತು ಎಂದು ತರಗತಿಯಲ್ಲಿ ಕಲಿಸಿದ್ದು ಅವರೇ. ಉಳಿದವರು ಯಾರಾದರೂ ಅಳಿಸಿದರೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಅದೇ ಭಾನುವಾರ ಸಂಜೆ, ಗಂಡ ಪಕ್ಕದಲ್ಲಿ ಚಹಾ ಕುಡಿಯುತ್ತಿರುವಾಗ, ಒಳ್ಳೆಯ ವಿದ್ಯಾರ್ಥಿನಿಯಂತೆ ಅಳಿಸಿಬಿಟ್ಟಿದ್ದೆ.

"ನೀವೇ ಹೇಳಿದ್ದಿರಿ," ಎಂದೆ.

ಅಧ್ಯಾಪಕಿ ಒಂದು ಹಾಳೆ ಎಳೆದುಕೊಂಡು, ತಮ್ಮ ಜವಾಬ್ದಾರಿಯ ಮೇಲೆ ಸ್ವೀಕರಿಸುತ್ತಿರುವುದಾಗಿ ಬರೆದು ಸಹಿ ಹಾಕಿದರು. ಮೂರು ವಾರ ಸಿಗದಿದ್ದದ್ದು ಮೂರು ನಿಮಿಷದಲ್ಲಿ ಸಿಕ್ಕಿತು. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಪಾಸಾದೆ. ಒಳ್ಳೆಯ ಅಂಕಗಳೇ ಬಂದವು.

ಗಂಡ ಎಂದೂ ಧ್ವನಿ ಸಂದೇಶ ಕಳಿಸಿದವರಲ್ಲ, ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತಿದ್ದರು. ಮದುವೆಯ ವಿಡಿಯೋದಲ್ಲಿ ವಾಲಗ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಈಗ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಹನ್ನೊಂದು ಪುಟಗಳಿವೆ. ಅವರ ಧ್ವನಿ ಇಲ್ಲ.