ಮರಿ ತರಲು ಹೋಗಿ ತಾಯಿಯನ್ನು ತಂದೆವು

ನನ್ನಂತೆ ನಿದ್ದೆಗೆಟ್ಟಿರುವ ಗೆಳತಿಯರೇ, ಅಂಬೆಗಾಲಿಡುವ ಮಗಳಿರುವ ಮನೆಗೆ ಎಂಥ ನಾಯಿ ತರಬೇಕು ಅಂತ ತಿಂಗಳಿಂದ ಓದಿದ್ದೇ ಓದಿದ್ದು. ಇವತ್ತು ಬೆಳಿಗ್ಗೆ ಪಾಂಡವಪುರದಲ್ಲಿ ಜಾತಿನಾಯಿ ಮರಿ ಮಾರುವವರ ಮನೆಗೆ ಅತ್ತೆಯ ಜೊತೆ ಹೋದೆ. ಫೋನಿನಲ್ಲಿದ್ದ ಪ್ರಶ್ನೆಗಳ ಪಟ್ಟಿ ತೆಗೆಯುವಷ್ಟರಲ್ಲಿ, ಮದುವೆಯಾದಾಗಿನಿಂದ ಹಸು ಸಾಕಿದ ನಮ್ಮತ್ತೆ ಶುರು ಮಾಡಿದರು.

"ಇದರವ್ವ ಎಲ್ಲಪ್ಪ?"

"ಅದ್ಯಾಕಮ್ಮ? ಸರ್ಟಿಫಿಕೇಟ್ ಐತೆ, ಮರಿ ನೋಡಿ."

"ಅವ್ವನ ಗುಣ ನೋಡ್ದೆ ನಾವು ಕರನೇ ತಗಳಕಿಲ್ಲ. ಮನೇಲಿ ಕೂಸೈತೆ ಕಣಪ್ಪ. ನಡಿಯವ್ವ."

ನನ್ನ ಪಟ್ಟಿಯ ಮೊದಲ ಪ್ರಶ್ನೆಯೂ ಅದೇ. ಒಳ್ಳೆಯ ಬ್ರೀಡರ್ ತಾಯಿಯನ್ನು ತೋರಿಸಿಯೇ ಮರಿ ಕೊಡೋದು.

ಅಲ್ಲಿಂದ ಸೀದಾ ಕಿರಂಗೂರಿಗೆ ಹೋದೆವು. ಅಲ್ಲೊಬ್ಬ ಟೀಚರ್ ಬೀದಿನಾಯಿಗಳನ್ನು ಸಾಕಿ, ಮನೆ ಹುಡುಕಿಕೊಡುತ್ತಾರೆ. ನಾಲ್ಕು ಮರಿಗಳ ಪಕ್ಕ ಕಂದು ಬಣ್ಣದ ತಾಯಿ ಮಲಗಿತ್ತು. ಹಸು ಕೊಳ್ಳುವಾಗ ಮೈದಡವಿ ನೋಡುವ ಹಾಗೆ ಅತ್ತೆ ಅದರ ಕಿವಿ ಎಳೆದರು, ಬಾಲ ಹಿಡಿದರು, ಅನ್ನದ ತಟ್ಟೆಗೂ ಕೈ ಹಾಕಿದರು. ಅದು ಆಕಳಿಸಿತು.

"ಪಾಪ, ನಿನ್ನಂಗೇ ನಿದ್ದೆಗೆಟ್ಟೈತೆ" ಅಂದರು ಅತ್ತೆ.

"ಮರಿಗಳು ಹಾಲು ಬಿಟ್ಟಿವೆ, ಎಲ್ಲಕ್ಕೂ ಮನೆ ಗೊತ್ತಾಗಿದೆ. ಇವಳನ್ನೇ ಯಾರೂ ಕೇಳ್ತಿಲ್ಲ" ಅಂದರು ಟೀಚರ್.

"ನಾವು ಕೇಳ್ತಿದ್ದೀವಿ" ಅಂದೆ. ಪಟ್ಟಿ ಫೋನಿನಲ್ಲೇ ಉಳಿಯಿತು.

ಈಗ ನಮ್ಮನೆಯಲ್ಲಿ ನಿದ್ದೆಗೆಟ್ಟ ತಾಯಂದಿರು ಇಬ್ಬರು. ಒಬ್ಬಳು ಆಗಲೇ ಬಾಗಿಲಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಇನ್ನೊಬ್ಬಳು ಇದನ್ನು ಟೈಪ್ ಮಾಡುತ್ತಿದ್ದಾಳೆ.