ಅತ್ತೆಗೆ ಸ್ನಾನ ಮಾಡಿಸಲು ಕಲಿತದ್ದು

ನಾಗಸಂದ್ರದಲ್ಲಿ ನಾವು ಮನೆ ಕಟ್ಟಿಕೊಂಡಾಗ ಹಿತ್ತಲಿನ ಆಚೆ ಇನ್ನೂ ರಾಗಿ ಬೆಳೆಯುತ್ತಿದ್ದರು. ನಾನು, ನನ್ನ ಗಂಡ ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿದ್ದೆವು. ಅವರು ಟೂಲ್ ರೂಮಿನಲ್ಲಿ, ನಾನು ಆಫೀಸಿನಲ್ಲಿ ಟೈಪಿಸ್ಟ್. ಬೆಳಗ್ಗೆ ಕಾರ್ಖಾನೆಯ ಬಸ್ಸು ಬಂದು ನಮ್ಮನ್ನು ಕರೆದುಕೊಂಡು ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಒಬ್ಬರೇ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದರು. ಆಮೇಲೆ ಒಲೆಯ ಮೇಲಿನ ಹಾಲನ್ನು ಮರೆತು ಪಾತ್ರೆ ಸುಟ್ಟುಹೋಗುತ್ತಿತ್ತು. ಒಂದು ಮಧ್ಯಾಹ್ನ ತವರಿಗೆ ಹೋಗುತ್ತೇನೆಂದು ಹೊರಟು ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ನಿಂತಿದ್ದರಂತೆ. ಪಕ್ಕದ ಮನೆಯಾಕೆ ಕಂಡು ಕೈ ಹಿಡಿದು ಕರೆತಂದಳು. "ವಯಸ್ಸಾಯ್ತಲ್ಲ, ಅರಳುಮರಳು" ಎಂದರು ಎಲ್ಲರೂ. ನಾವೂ ಹಾಗೆಯೇ ಅಂದುಕೊಂಡು ಹಗಲು ಜೊತೆಗಿರಲು ಒಬ್ಬ ಆಯಾಳನ್ನು ಗೊತ್ತುಮಾಡಿದೆವು.

ಆಯಾ ಲಗ್ಗೆರೆಯವಳು. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ದೊಡ್ಡ ಗಂಟಲು. ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ್ದಳು. ಬಾಣಂತಿಗೆ ಎಣ್ಣೆನೀರು ಹಾಕುವುದು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು ಎಲ್ಲ ಕರಗತವಾಗಿತ್ತು. ಮೈಗಳ್ಳತನ ಅವಳಿಗೆ ಗೊತ್ತೇ ಇರಲಿಲ್ಲ. ಆದರೂ ತಿಂಗಳೊಳಗೆ ಮನೆ ಜಗಳದ ಮನೆಯಾಯಿತು.

ಜಗಳವೆಲ್ಲ ಸ್ನಾನದ್ದು. ಜೀವಮಾನವಿಡೀ ಎದ್ದೊಡನೆ ಮಿಂದು ಮಡಿಯುಟ್ಟ ಅತ್ತೆ ಈಗ ಬಚ್ಚಲ ಬಾಗಿಲಿಗೆ ಬಂದರೆ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. "ಮುಟ್ಟಬೇಡ ನನ್ನ! ಕೊಲ್ತಾಳೆ, ಯಾರಾದ್ರೂ ಬನ್ನಿ!" ಎಂದು ಕೂಗುತ್ತಿದ್ದುದು ಬೀದಿಗೆಲ್ಲ ಕೇಳುತ್ತಿತ್ತು. ಆಯಾ ಅವರನ್ನು ಎತ್ತಿಕೊಂಡೇ ಒಳಗೆ ಹೋಗಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳು. ಒಂದು ಸಂಜೆ ತಲೆ ಬಾಚುವಾಗ ಅತ್ತೆಯ ಮುಂಗೈ ಹಸಿರುಗಟ್ಟಿದ್ದು ಕಂಡೆ.

ಕೇಳಿದಾಗ ಆಯಾ ಮುಚ್ಚಿಡಲಿಲ್ಲ. "ಇಡ್ಕಂಡಿದ್ದು ನಾನೇ ಅಕ್ಕಾ. ಬಿಟ್ರೆ ಬೀಳ್ತಾರೆ. ನಾನೇನ್ ಮಾಡ್ಲಿ? ಮುಟ್ಬ್ಯಾಡ ಮುಟ್ಬ್ಯಾಡ ಅಂತಾರೆ, ಜಾತಿ ನೋಡ್ತಾರೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

ಅವಳನ್ನು ಕೆಲಸ ಬಿಡಿಸೋಣವೆಂದರೆ ಬೇರೆಯವರು ಸಿಗುವಂತಿರಲಿಲ್ಲ. ಆ ಕಡೆಯ ಹೆಂಗಸರೆಲ್ಲ ಪೀಣ್ಯದ ಶೆಡ್ಡುಗಳಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಕಾರ್ಖಾನೆಯ ಡಾಕ್ಟರ ಬಳಿ ಹೇಳಿಕೊಂಡೆ. ಅವರು ಊರೊಳಗಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ಅತ್ತೆಯನ್ನು ಪರೀಕ್ಷೆ ಮಾಡಿ, ಇದು ಬರಿ ವಯಸ್ಸಿನ ಮರೆವಲ್ಲ, ಮಿದುಳಿನ ಕಾಯಿಲೆ, ಡಿಮೆನ್ಷಿಯಾ ಅನ್ನುತ್ತಾರೆ, ವಾಸಿಯಾಗುವುದಿಲ್ಲ ಎಂದರು. ಹೊರಗೆ ಬಂದಾಗ ಅಲ್ಲಿಯ ಹಿರಿಯ ನರ್ಸೊಬ್ಬರು ನನ್ನನ್ನು ತಡೆದು ಕೇಳಿದರು, "ಇವರಿಗೆ ಸ್ನಾನ ಮಾಡ್ಸೋದು ಯಾರು?"

"ಆಯಾ."

"ಶನಿವಾರ ಮಧ್ಯಾಹ್ನ ಅವಳನ್ನ ಕರ್ಕೊಂಡ್ಬನ್ನಿ. ನೀವೂ ಬನ್ನಿ."

ಶನಿವಾರ ಪಕ್ಕದ ಮನೆಯಾಕೆಯ ಬಳಿ ಅತ್ತೆಯನ್ನು ಬಿಟ್ಟು ಇಬ್ಬರೂ ಹೋದೆವು. ನಾನು ತನ್ನ ಮೇಲೆ ದೂರು ಕೊಟ್ಟಿದ್ದೇನೆ ಎಂದುಕೊಂಡು ಆಯಾ ಬಸ್ಸಿನಲ್ಲಿ ನನ್ನಿಂದ ದೂರದ ಸೀಟಿನಲ್ಲಿ ಕೂತಳು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದ ಆ ನರ್ಸ್ ಅವಳನ್ನು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸಿದರು. ನನ್ನ ಹತ್ತಿರ ಏನೋ ಮಾತಾಡುತ್ತಲೇ ಹಿಂದಿನಿಂದ ಬಂದು ಅವಳ ಸೆರಗು ಜಗ್ಗಿ, ಕತ್ತಿನ ಮೇಲೆ ಒಂದಿಷ್ಟು ತಣ್ಣೀರು ಹೊಯ್ದರು. ಆಯಾ ಕಿರುಚಿಕೊಂಡು ಎದ್ದು ಅವರ ಕೈಯನ್ನು ಒದರಿಹಾಕಿದಳು.

ಸಿಸ್ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. "ಸ್ನಾನ ಮಾಡ್ಸೋಣ ಅಂತ ಬಂದೆ. ಯಾಕಮ್ಮ ಕೋಪ?"

"ಯೋಳ್ದೆ ಕೇಳ್ದೆ ಮೈ ಮುಟ್ಟುದ್ರೆ ಕ್ವಾಪ ಬರಾಕಿಲ್ವಾ ಸಿಸ್ಟರ್?"

"ಅಜ್ಜಿಗೂ ಅಷ್ಟೇ. ನೀನು ಹೇಳಿರ್ತೀಯ. ಆ ಮಾತು ಅವರ ತಲೇಲಿ ನಿಂತಿರಲ್ಲ. ಯಾರೋ ಗೊತ್ತಿಲ್ಲದವಳು ಬಂದು ಸೀರೆ ಬಿಚ್ತಿದಾಳೆ ಅಂತ ಅವರ ಲೆಕ್ಕ. ಹಟ ಅಲ್ಲ, ಹೆದರಿಕೆ." ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಮುಟ್ಟಬೇಡ ಅಂತಾರಾ?" ಎಂದರು.

ಅನ್ನುತ್ತಾರೆ ಎಂದೆ. ಮೊದಲಿನ ಅತ್ತೆ ಜಾತಿ ನೋಡುತ್ತಿದ್ದದ್ದು ಸುಳ್ಳಲ್ಲ. ಆದರೆ ಈಗ ಆ ಮಾತನ್ನು ನನಗೂ, ತಮ್ಮ ಮಗನಿಗೂ ಹೇಳುತ್ತಿದ್ದರು. ಆಯಾ ನನ್ನ ಮುಖ ನೋಡಿದಳು. "ನಿಮ್ಗೂವಾ?" ಎಂದಷ್ಟೇ ಕೇಳಿದಳು.

ಹೀಗೆ ಕೆಲವು ಶನಿವಾರ ಹೋದೆವು. ಎದುರಿನಿಂದ ಬರಬೇಕು, ಕೂತವರ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡಬೇಕು, ಒಂದು ಸಲಕ್ಕೆ ಒಂದೇ ಮಾತು. ನೆನಪಿದೆಯಾ ಎಂದು ಕೇಳಬಾರದು. ಸಿಟ್ಟು ಬಂದರೆ ಬಿಟ್ಟು ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬರಬೇಕು. ಸಿಸ್ಟರ್ ಹೇಳಿದ್ದಷ್ಟೇ ಅಲ್ಲ, ನಮ್ಮಿಂದ ಮಾಡಿಸಿದರು. ಒಮ್ಮೆ ನಾನು ಅಜ್ಜಿಯಾದೆ, ಆಯಾ ನನ್ನನ್ನು ಮಾತಿನಲ್ಲೇ ಒಲಿಸಿ ಸ್ಟೂಲಿನಿಂದ ಎಬ್ಬಿಸಬೇಕಾಯಿತು. ನಾನು ಏಳಲಿಲ್ಲ. "ನೀವು ಅಜ್ಜಿಗಿಂತ ಕಷ್ಟ ಬುಡಿ" ಎಂದಳು. ಮೂವರೂ ನಕ್ಕೆವು.

ಮನೆಯಲ್ಲಿ ಅವಳು ಮೊದಲು ಮಾಡಿದ್ದು ನೀರನ್ನು ಮುಂಚೆಯೇ ತುಂಬಿಟ್ಟು ನಲ್ಲಿ ನಿಲ್ಲಿಸಿದ್ದು. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದಿಗೇ ಅತ್ತೆ ಬೆದರುತ್ತಿದ್ದರು. ಆಮೇಲೆ ಅವರ ಭುಜಕ್ಕೆ ಒಣ ಟವಲು ಹೊದಿಸಿ, ಮಣೆಯ ಮೇಲೆ ಕೂರಿಸಿ, ಹಿತ್ತಾಳೆ ಚೊಂಬನ್ನು ಅವರ ಕೈಗೇ ಕೊಟ್ಟಳು. "ಕಾಲಿಗೆ ಆಕ್ಕಳಿ ಅವ್ವಾ" ಎಂದಳು. ಅತ್ತೆ ಚೊಂಬನ್ನು ಸ್ವಲ್ಪ ಹೊತ್ತು ನೋಡಿದರು. ಪಾದಕ್ಕೆ ನೀರು ಹಾಕಿಕೊಂಡರು. ಇನ್ನೊಂದು ಚೊಂಬು ಮೊಣಕಾಲಿಗೆ. ಸ್ನಾನದ ಶ್ಲೋಕ ಬಾಯಿಗೆ ಬಂತು, ಅರ್ಧಕ್ಕೆ ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಅವತ್ತು ನನಗೆ ರಜೆ, ಬಚ್ಚಲ ಬಾಗಿಲ ಹೊರಗೆ ನಿಂತಿದ್ದೆ. ತಲೆಗೆ ನೀರು ಬೀಳಲಿಲ್ಲ, ಕೂಗೂ ಇರಲಿಲ್ಲ.

ಎಲ್ಲ ದಿನವೂ ಹಾಗೆ ಆಗಲಿಲ್ಲ. ಕೆಲವು ದಿನ ಬಟ್ಟೆ ಒದ್ದೆ ಮಾಡಿ ಮೈ ಒರೆಸಿದ್ದಷ್ಟೇ. ಹಗಲು ಆಯಾ ತಂದ ನೆಮ್ಮದಿ ಸಂಜೆ ಕೆಡುತ್ತಲೂ ಇತ್ತು. ನನ್ನ ಗಂಡ ಬಂದವರೇ "ನಾನ್ಯಾರು ಹೇಳಮ್ಮ?" ಎಂದು ಪರೀಕ್ಷೆಗೆ ಕೂರುತ್ತಿದ್ದರು. ಮಾವ ಎಲ್ಲಿ ಎಂದು ಅತ್ತೆ ಕೇಳಿದರೆ "ಅಪ್ಪ ಸತ್ತು ಎಷ್ಟು ವರ್ಷ ಆಯ್ತಮ್ಮ!" ಎಂದುಬಿಡುತ್ತಿದ್ದರು. ಪ್ರತಿ ಸಲವೂ ಅತ್ತೆಗೆ ಅದು ಹೊಸ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದರು.

"ಸಾರ್‌ನೂ ಒಂದ್ಕಿತ ಸಿಸ್ಟರ್ ತಾವ ಕರ್ಕೊಂಡೋಗಿ ಅಕ್ಕಾ" ಎಂದಳು ಆಯಾ.

ನನ್ನ ಗಂಡನಿಗೆ ರೇಗಿತು. "ನಮ್ಮಮ್ಮನ ಹತ್ರ ಹೇಗಿರ್ಬೇಕು ಅಂತ ನಂಗೆ ಇನ್ನೊಬ್ರು ಹೇಳ್ಕೊಡ್ಬೇಕಾ?"

ಕೊನೆಗೆ ಒಂದು ಶನಿವಾರ ಬಂದರು. ಉದ್ದಕ್ಕೂ ಕೈಕಟ್ಟಿ ಕೂತಿದ್ದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅದಾದ ಒಂದು ಸಂಜೆ ಅತ್ತೆ "ಅವರು ಬಂದ್ರಾ?" ಎಂದಾಗ ಇವರು ಶೂ ಬಿಚ್ಚುತ್ತಿದ್ದರು. ಬಿಚ್ಚಿದ ಶೂ ಪಕ್ಕಕ್ಕಿಟ್ಟು, "ಇನ್ನೂ ಇಲ್ಲಮ್ಮ. ಅಪ್ಪಂಗೆ ಏನು ಅಡಿಗೆ ಇಷ್ಟ?" ಎಂದರು. ಅತ್ತೆ ಅವರೆಕಾಳು ಹುಳಿಯ ಮಾತು ತೆಗೆದರು. ಹುರಿದದ್ದು, ಅರೆದದ್ದು, ಒಮ್ಮೆ ಖಾರವಾಗಿ ಮಾವ ಎಲೆ ಬಿಟ್ಟೆದ್ದದ್ದು. ಇವರು ಒಂದು ಶೂ ಕಾಲಲ್ಲೇ ಇಟ್ಟುಕೊಂಡು ಕೇಳಿದರು.

ಕಾಯಿಲೆ ತನ್ನ ದಾರಿಯಲ್ಲಿ ಹೋಯಿತು. ಮಾತು ನಿಂತಿತು, ನಡೆಯುವುದು ನಿಂತಿತು. ಒಂದು ಚಳಿಗಾಲ ನ್ಯುಮೋನಿಯಾ ಬಂದು ಅತ್ತೆ ಹೋದರು. ಕೊನೆಯ ವಾರಗಳಲ್ಲಿ ನನ್ನ ಕೈಯಿಂದ ಗಂಜಿ ಇಳಿಯುತ್ತಿರಲಿಲ್ಲ, ಆಯಾಳ ಕೈಯಿಂದ ಇಳಿಯುತ್ತಿತ್ತು.

ಕಾರ್ಖಾನೆಯಲ್ಲಿ ಹೇಗೋ ಸುದ್ದಿ ಹರಡಿ ನಾಲ್ಕಾರು ಮನೆಯವರು ಅವಳಿಗಾಗಿ ನನ್ನನ್ನು ಕೇಳಿದರು. ಅವಳು ಒಂದು ಮನೆಗೆ ಒಪ್ಪಿದಳು. ಮೊದಲು ಮನೆಯವರೂ ಸಿಸ್ಟರ್ ಹತ್ತಿರ ಹೋಗಿ ಬರಬೇಕೆಂದು ಷರತ್ತು ಹಾಕಿದಳಂತೆ. ಮಿಕ್ಕ ಮನೆಗಳಿಗೆಂದು ತನ್ನ ನಾದಿನಿಯನ್ನೂ ಲಗ್ಗೆರೆಯ ಇನ್ನಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೆಲವು ವರ್ಷ ಹೀಗೆ ನಡೆಯಿತು. ಸಿಸ್ಟರ್ ನಿವೃತ್ತರಾದ ಮೇಲೆ ಶನಿವಾರದ ಪಾಠ ನಿಂತುಹೋಯಿತು.